ಹಡಗಿನ ವಿಹಾರ ಮತ್ತು ಅಂಗದ ಮೇಲಣ ಲಿಂಗ

ಹಿರೇಕೆರೂರು ಎಂಬ ಹೆಸರಿನಲ್ಲಿಯೇ ನೀರು ನಿಂತಿದೆ. ಹಿರಿಯ ಕೆರೆಯ ಊರು ಇದು. ದುರ್ಗಾದೇವಿಯ ಕೆರೆ ತುಂಬಿದ ವರ್ಷ ಈ ಊರಿನ ಮುಖದ ಕಳೆಯೇ ಬೇರೆ. ಮಾಸೂರಿನ ಬಳಿ ಎರಡು ಗುಡ್ಡಗಳ ನಡುವೆ ಕುಮುದ್ವತಿಯನ್ನು ತಡೆದು ಕಟ್ಟಿದ ವಿಜಯನಗರ ಕಾಲದ ಮದಗದ ಕೆರೆಯ ಏರಿಯ ಮೇಲೆ ನಿಂತವರಿಗೆ, ಸಮುದ್ರವೆಂದರೆ ಇದಕ್ಕಿಂತ ತುಸು ದೊಡ್ಡದಿರಬಹುದೆಂದು ಅನಿಸಿದ್ದರೆ ಆಶ್ಚರ್ಯವಿಲ್ಲ. ನಮ್ಮ ಸೀಮೆಯ ಹಿರಿಯರು ಸಮುದ್ರವನ್ನು ಬಲ್ಲವರೇ, ಆದರೆ ಬಹುಮಟ್ಟಿಗೆ ಸರಕಿನ ಮೂಲಕ ಬಲ್ಲವರು. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದೆ ಹೋದಾಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಿತು. ಅಂಡಿಗೆಗಳನ್ನು ಹೇರಿದ ಚಕ್ಕಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ಮುಂಬಯಿ ಪೇಟೆಯಲ್ಲಿ ನಮ್ಮ ಹತ್ತಿಯ ಹೆಸರೇ ಕುಮಟಾ ಹತ್ತಿ. ಬೆಳೆದ ಊರಿನ ಹೆಸರು ಅಳಿದು, ಹಡಗು ಹತ್ತಿದ ಊರಿನ ಹೆಸರು ಉಳಿಯಿತು. ಹತ್ತಿ ಹಡಗು ಹತ್ತಿತು. ಬೆಳೆದವನು ಚಕ್ಕಡಿ ಹೊಡೆದುಕೊಂಡು ಮರಳಿ ಮನೆಗೆ ಬಂದನು.

ಈಗ ಬೆಳೆದವರ ಮೊಮ್ಮಕ್ಕಳು ಹಡಗು ಹತ್ತುತ್ತಿದ್ದಾರೆ. ಅದೂ ದುಡಿಮೆಗಾಗಿ ಅಲ್ಲ, ವಿಹಾರಕ್ಕಾಗಿ. ಸಿಂಗಪುರದಲ್ಲಿಯೋ ದುಬೈಯಲ್ಲಿಯೋ ಅಮೆರಿಕದಲ್ಲಿಯೋ ಉದ್ಯೋಗದಲ್ಲಿರುವ ಮಕ್ಕಳು ತಂದೆತಾಯಿಗಳನ್ನು ಕರೆಸಿಕೊಂಡು ನಾಲ್ಕಾರು ದಿನ ‘ಕ್ರೂಸ್’ ಎಂಬ ವಿಹಾರ ನೌಕೆಯಲ್ಲಿ ಕರೆದೊಯ್ಯುವುದು ಸಾಮಾನ್ಯವಾಗುತ್ತಿದೆ. ಹೊರದೇಶಕ್ಕೆ ಹೋಗಬೇಕೆಂದೂ ಇಲ್ಲ. 1990ರಲ್ಲಿ ಕಟ್ಟಲಾದ ಹಡಗೊಂದು ‘ಕಾರ್ಡೀಲಿಯಾ’ ಎಂಬ ಸಂಸ್ಥೆಯ ಹೆಸರಿನಲ್ಲಿ 2021ರ ಸೆಪ್ಟೆಂಬರಿನಿಂದ ಮುಂಬಯಿಯಿಂದ ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಸಂಚಾರ ಆರಂಭಿಸಿತು. ನಮ್ಮ ನವಮಂಗಳೂರು ಬಂದರಿಗೂ ಪರದೇಶದ ವಿಹಾರ ನೌಕೆಗಳು ಬಂದು, ಅದರ ಪ್ರಯಾಣಿಕರು ಮೂಡಬಿದಿರೆಯ ಬಸದಿಯನ್ನೂ ಕಾರ್ಕಳದ ಗೊಮ್ಮಟನನ್ನೂ ನೋಡಿ ಸಂಜೆಗೆ ಹಡಗಿಗೆ ಮರಳುತ್ತಾರೆ. ಹಡಗುಗಳ ಗಾತ್ರವಂತೂ ನಂಬಲು ಕಷ್ಟವಾಗುವಷ್ಟು. 2024ರ ಜನವರಿಯಲ್ಲಿ ಅಮೆರಿಕದ ಮಯಾಮಿಯಿಂದ ಹೊರಟ ‘ಐಕಾನ್ ಆಫ್ ದಿ ಸೀಸ್’ ಎಂಬ ನೌಕೆ 365 ಮೀಟರು ಉದ್ದವಿದ್ದು 20 ಅಂತಸ್ತುಗಳನ್ನು ಹೊಂದಿದೆ. ಅದರಲ್ಲಿ ದುಡಿಯುವವರೇ 2,350 ಮಂದಿ. ನಮ್ಮ ಒಂದು ದೊಡ್ಡ ಹಳ್ಳಿಯೇ ನೀರಿನ ಮೇಲೆ ತೇಲಿದಂತೆ.

ಹೀಗೆ ಹೋಗಿಬರುವ ಸದ್ಭಕ್ತರು ಮಠಕ್ಕೆ ಬಂದಾಗ ಕೆಲವು ಪ್ರಶ್ನೆಗಳನ್ನು ಕೇಳುವುದುಂಟು. ಹಿರೇಕೆರೂರಿನ ಭಕ್ತರೊಬ್ಬರು, ವಯಸ್ಸು ಎಪ್ಪತ್ತು ದಾಟಿದವರು, ಮಗ ಸಿಂಗಪುರದಿಂದ ಟಿಕೆಟ್ಟು ಕಳುಹಿಸಿದ್ದಾನೆಂದು ಹೇಳಿ, ಬಹಳ ಸಂಕೋಚದಿಂದ ಕೇಳಿದರು: “ಲಿಂಗವನ್ನು ದೇವರ ಮನೆಯಲ್ಲಿಟ್ಟು ಹೋಗಬೇಕೋ, ಕೊರಳಲ್ಲಿ ಧರಿಸಿಯೇ ಹೋಗಬೇಕೋ? ಕಡಲ ಮೇಲೆ ಮಡಿ ಉಳಿಯುತ್ತದೆಯೇ?” ಈ ಲೇಖನಕ್ಕೆ ಆ ಪ್ರಶ್ನೆಯೇ ಕಾರಣ. ಎಲ್ಲಿ ಉಣ್ಣಬೇಕು, ಏನು ಕೊಳ್ಳಬೇಕು ಎಂಬುದನ್ನು ಹೇಳಲು ಪ್ರವಾಸದ ಏಜೆಂಟರಿದ್ದಾರೆ. ಇದನ್ನು ಹೇಳುವವರು ಅಲ್ಲಿಲ್ಲ.

ಕಡಲು ದಾಟಿದರೆ ಕೆಡುಕೆಂಬ ಭಾವನೆ ನಮ್ಮ ದೇಶದಲ್ಲಿ ಹಳೆಯದು. ಬೌಧಾಯನ ಧರ್ಮಸೂತ್ರದಲ್ಲಿ ಸಮುದ್ರಯಾನವು ಪತನಕ್ಕೆ ಕಾರಣವಾಗುವ ಕರ್ಮಗಳ ಸಾಲಿನಲ್ಲಿದೆ. 1888ರಲ್ಲಿ ಮೋಹನದಾಸ ಗಾಂಧಿಯೆಂಬ ತರುಣ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ಹೊರಟಾಗ ಮುಂಬಯಿಯಲ್ಲಿ ಅವರ ಜಾತಿಯ ಮುಖಂಡರು ಸಭೆ ಸೇರಿ ಅವರನ್ನು ಜಾತಿಯಿಂದ ಹೊರಹಾಕಿದರು. ಆ ಭೀತಿಯ ನೆರಳು ನಮ್ಮ ಮನೆಗಳಿಗೂ ಬಿದ್ದಿದೆ. ನಮ್ಮದಲ್ಲದ್ದನ್ನು ನಮ್ಮದೆಂದು ತಿಳಿದು ಅಂಜುವವರಿದ್ದಾರೆ. ಶರಣಧರ್ಮಕ್ಕೆ ಈ ಅಂಜಿಕೆ ಸಲ್ಲದು. ದೇಹವನ್ನೇ ದೇಗುಲವಾಗಿ ಕಂಡ ಧರ್ಮ ಇದು. ಸ್ಥಾವರಕ್ಕೆ ಊರುಂಟು, ದಿಕ್ಕುಂಟು, ಬಾಗಿಲು ತೆರೆಯುವ ಹೊತ್ತುಂಟು. ದೀಕ್ಷೆಯಲ್ಲಿ ಶ್ರೀಗುರುವು ಕರಸ್ಥಲಕ್ಕೆ ಕರುಣಿಸಿದ ಇಷ್ಟಲಿಂಗಕ್ಕೆ ಭಕ್ತನ ಅಂಗವೇ ಊರು. ಭಕ್ತನಿದ್ದಲ್ಲಿ ಅದಿರಬೇಕು. ಆದ್ದರಿಂದ ಲಿಂಗಧಾರಿಗೆ ಪರದೇಶವೆಂಬುದಿಲ್ಲ, ಕಡಲೂ ಹೊಲೆಯಲ್ಲ.

ನಮ್ಮ ಜಿಲ್ಲೆಯವರಿಗೆ ಇದನ್ನು ಹೇಳಲು ದೂರ ಹೋಗಬೇಕಾಗಿಯೂ ಇಲ್ಲ. ರಾಣೆಬೆನ್ನೂರು ತಾಲೂಕಿನ ಚೌಡದಾನಪುರ ತುಂಗಭದ್ರೆಯ ದಂಡೆಯಲ್ಲಿದೆ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ದೋಣಿ ನಡೆಸಿದ ಅಂಬಿಗರ ಚೌಡಯ್ಯನವರು ಕಾಯಕದ ಹೆಸರು ಸೇರಿದ ತಮ್ಮ ಹೆಸರನ್ನೇ ವಚನಗಳಿಗೆ ಅಂಕಿತವಾಗಿ ಇಟ್ಟುಕೊಂಡವರು. ಅವರ ದಿನದ ಬಹುಭಾಗ ನೀರಿನ ಮೇಲೆಯೇ ಕಳೆದಿರಬೇಕು. ನೀರಿನ ಮೇಲಿದ್ದಾಗ ಲಿಂಗನಿಷ್ಠೆ ಒಂದು, ನೆಲದ ಮೇಲಿದ್ದಾಗ ಇನ್ನೊಂದು ಎಂದು ಯಾರಾದರೂ ಹೇಳಿದ್ದರೆ ಆ ಖಂಡಿತವಾದಿ ಶರಣರು ಏನು ಉತ್ತರ ಕೊಡುತ್ತಿದ್ದರೆಂಬುದನ್ನು ಅವರ ವಚನಗಳನ್ನು ಓದಿದವರು ಊಹಿಸಬಲ್ಲರು.

ಹಾಗಾಗಿ ಮೊದಲ ಮಾತು ಇದು: ಲಿಂಗವನ್ನು ದೇವರ ಮನೆಯ ಜಗಲಿಯ ಮೇಲೆ ಬಿಟ್ಟು ಪ್ರವಾಸ ಹೊರಡಬಾರದು. ಈಚೆಗೆ ಈ ರೂಢಿ ಬೆಳೆಯುತ್ತಿರುವುದು ನಮ್ಮ ಗಮನಕ್ಕೆ ಬಂದಿದೆ. ವಿಮಾನದ ತಪಾಸಣೆಯಲ್ಲಿ ತೊಂದರೆಯಾದೀತು, ಕಳೆದುಹೋದೀತು, ಅಲ್ಲಿ ಮಡಿಯಿಲ್ಲ ಎಂಬ ನೆಪಗಳನ್ನು ಹೇಳುತ್ತಾರೆ. ಬೆಳ್ಳಿಯ ಕರಡಿಗೆಯಾಗಿದ್ದರೆ ತಪಾಸಣೆಯ ಯಂತ್ರ ಸದ್ದು ಮಾಡುವುದು ನಿಜ. ಆಗ ಗಾಬರಿಯಾಗದೆ, ಇದು ತಮ್ಮ ಧರ್ಮದ ಪೂಜಾವಸ್ತುವೆಂದು ಒಂದೇ ಮಾತಿನಲ್ಲಿ ತಿಳಿಸಬೇಕು. ತೆರೆದು ತೋರಿಸೆಂದರೆ ತಾವೇ ತೆರೆದು ತಮ್ಮ ಅಂಗೈಯಲ್ಲಿಯೇ ಹಿಡಿದು ತೋರಿಸಬೇಕು. ಬೆಳ್ಳಿಯ ಬದಲು ವಸ್ತ್ರದಲ್ಲಿ ಕಟ್ಟಿ ಧರಿಸಿದರೆ ಆ ಸದ್ದೂ ಇರುವುದಿಲ್ಲ. ವಿಭೂತಿಯನ್ನು ಪುಡಿಯಾಗಿ ಒಯ್ಯದೆ ಗಟ್ಟಿಯಾಗಿ, ಅಂಗಡಿಯ ಚೀಟಿ ಇರುವ ಪೊಟ್ಟಣದಲ್ಲಿಯೇ ಒಯ್ಯುವುದು ಲೇಸು. ಬಿಡಿಯಾದ ಬಿಳಿಯ ಪುಡಿಯನ್ನು ಕಂಡರೆ ಪರದೇಶದ ಅಧಿಕಾರಿಗಳು ಸಂಶಯಪಡುವುದು ಸಹಜ. ಇನ್ನು ಹಡಗಿನ ಈಜುಕೊಳದಲ್ಲಿ, ನೀರಿನ ಜಾರುಬಂಡೆಯಲ್ಲಿ ಮಕ್ಕಳೊಡನೆ ಆಡಬೇಕೆನ್ನುವವರು ಶಿವದಾರದ ಗಂಟನ್ನು ಹೊರಡುವ ಮೊದಲೇ ನೋಡಿಕೊಳ್ಳಬೇಕು. ಹಳೆಯ ದಾರ ಕಡಲ ಮೇಲೆ ಹರಿಯುವುದಕ್ಕಿಂತ ಮನೆಯಲ್ಲಿ ಬದಲಾಗುವುದು ಒಳ್ಳೆಯದಲ್ಲವೇ? ಒಂದು ವೇಳೆ ಲಿಂಗ ಕಳೆದೇ ಹೋದರೆ, ಹಳೆಯ ಕಥೆಗಳನ್ನು ನೆನೆದು ಕಂಗೆಡುವ ಅಗತ್ಯವಿಲ್ಲ. ಊರಿಗೆ ಬಂದು ಗುರುಗಳನ್ನು ಕಾಣಬೇಕು, ಅಷ್ಟೇ.

ಹಡಗಿನ ಕೋಣೆಯಲ್ಲಿ ಪೂಜೆ ಹೇಗೆ? ಅಲ್ಲಿ ಬೆಂಕಿಗೆ ಎಡೆಯಿಲ್ಲ. ದೀಪ, ಊದಿನಕಡ್ಡಿ, ಕರ್ಪೂರ ಯಾವುದನ್ನೂ ಹಚ್ಚುವಂತಿಲ್ಲ. ಇಸ್ತ್ರಿ ಪೆಟ್ಟಿಗೆಯನ್ನು ಸಹ ಬಹುತೇಕ ಹಡಗುಗಳು ಒಳಗೆ ಬಿಡುವುದಿಲ್ಲ. ಇದನ್ನು ಅಧಾರ್ಮಿಕರ ಕಟ್ಟಳೆಯೆಂದು ತಿಳಿಯಬಾರದು. ನಡುಗಡಲಿನಲ್ಲಿ ಬೆಂಕಿ ಬಿದ್ದರೆ ಓಡಿಹೋಗಲು ಬಯಲಿಲ್ಲ, ಆದ್ದರಿಂದ ನಾವಿಕರು ಬಿರುಗಾಳಿಗಿಂತ ಬೆಂಕಿಗೆ ಹೆಚ್ಚು ಅಂಜುತ್ತಾರೆ. ಇಷ್ಟಲಿಂಗದ ಅರ್ಚನೆಗೆ ದೀಪಧೂಪಗಳಿಲ್ಲದೆ ಕೊರತೆಯೇನೂ ಆಗುವುದಿಲ್ಲ. ನೀರು, ವಿಭೂತಿ, ಅಂಗೈ, ಏಕಾಗ್ರವಾದ ದೃಷ್ಟಿ, ಇಷ್ಟಿದ್ದರೆ ಸಾಕು. ಪತ್ರೆಯ ವಿಷಯದಲ್ಲಿಯೂ ಎಚ್ಚರ ಬೇಕು. ಹಸಿ ಎಲೆ, ಹೂವು, ಹಣ್ಣುಗಳನ್ನು ದಡಕ್ಕೆ ತರುವುದನ್ನು ಹಲವು ದೇಶಗಳು ನಿರ್ಬಂಧಿಸಿವೆ. ಆಸ್ಟ್ರೇಲಿಯದಂಥ ದೇಶಗಳಲ್ಲಿ ದಂಡವೂ ಬೀಳುತ್ತದೆ. ಪತ್ರೆಯಿಲ್ಲದ ಪೂಜೆ ನಾಲ್ಕು ದಿನ ನಡೆದರೆ ಲಿಂಗ ಮುನಿಯುವುದಿಲ್ಲ. ನಿರ್ಮಾಲ್ಯವನ್ನು ಹರಿಯುವ ನೀರಿಗೆ ಬಿಡುವ ನಮ್ಮ ರೂಢಿ ಮಾತ್ರ ಹಡಗಿನಲ್ಲಿ ನಡೆಯದು. ಮೇಲಿನಿಂದ ಏನನ್ನಾದರೂ ಸಮುದ್ರಕ್ಕೆ ಎಸೆಯುವುದು ಅಪರಾಧ.

ನೀರಿನ ಬಗ್ಗೆ ಒಂದು ಮಾತು. ಹಡಗಿನ ನಳದಲ್ಲಿ ಬರುವ ನೀರು ಬಹುಮಟ್ಟಿಗೆ ಸಮುದ್ರದ್ದೇ. ಅದನ್ನು ಹಡಗಿನ ಹೊಟ್ಟೆಯೊಳಗಿನ ಯಂತ್ರಗಳಲ್ಲಿ ಆವಿ ಮಾಡಿ ಇಲ್ಲವೆ ಸೂಕ್ಷ್ಮವಾದ ಪೊರೆಗಳ ಮೂಲಕ ಒತ್ತಿ ಉಪ್ಪು ತೆಗೆದು ಸಿಹಿ ಮಾಡುತ್ತಾರೆ. ಮಜ್ಜನಕ್ಕೂ ಪಾದೋದಕಕ್ಕೂ ಅದು ಯೋಗ್ಯವಾದದ್ದೇ.

ಊಟದ ಸಂಗತಿಗೆ ಬರೋಣ. ಹಡಗಿನ ದೊಡ್ಡ ಆಕರ್ಷಣೆಯೇ ಊಟ. ಟಿಕೆಟ್ಟಿನಲ್ಲಿಯೇ ಅದರ ಹಣ ಸೇರಿರುವುದರಿಂದ ಬೆಳಗಿನಿಂದ ನಡುರಾತ್ರಿಯವರೆಗೆ ಪದಾರ್ಥಗಳು ಸಾಲಾಗಿ ಇರುತ್ತವೆ. ಭಾರತೀಯ ಶಾಕಾಹಾರ ಬೇಕೆಂದು ಟಿಕೆಟ್ಟು ಕಾದಿರಿಸುವಾಗಲೇ ಬರೆಸಬೇಕು; ಹಡಗು ಹತ್ತಿದ ಮೇಲೆ ಮತ್ತೊಮ್ಮೆ ಊಟದ ಮನೆಯ ಮುಖ್ಯಸ್ಥನಿಗೆ ತಿಳಿಸಬೇಕು. ಮುಂಬಯಿ, ಸಿಂಗಪುರಗಳಿಂದ ಹೊರಡುವ ಹಡಗುಗಳಲ್ಲಿ ಇದು ಕಷ್ಟವಲ್ಲ. ಯುರೋಪಿನ ಕಡೆಯ ಹಡಗುಗಳಲ್ಲಿ ಸಾರಿನಂಥ ‘ಸೂಪ್’ ನೋಡಲು ಶಾಕಾಹಾರದಂತೆ ಕಂಡರೂ ಅದರ ಮೂಲರಸ ಮಾಂಸದ್ದಾಗಿರಬಹುದು, ಕೇಳಿಯೇ ತೆಗೆದುಕೊಳ್ಳಬೇಕು. ಖಡಕ್ ರೊಟ್ಟಿ, ಶೇಂಗಾಚಟ್ನಿಗಳನ್ನು ಕಟ್ಟಿಕೊಂಡು ಹೋಗುವ ತಾಯಂದಿರಿಗೆ ಒಂದು ಸೂಚನೆ: ಮನೆಯಲ್ಲಿ ಮಾಡಿದ್ದನ್ನು ಅನೇಕ ಹಡಗುಗಳು ಬಾಗಿಲಲ್ಲಿಯೇ ತಡೆಯುತ್ತವೆ. ಅಂಗಡಿಯಲ್ಲಿ ಮುಚ್ಚಿ ಮುದ್ರೆಯೊತ್ತಿದ ಪೊಟ್ಟಣಗಳನ್ನು ಸಾಮಾನ್ಯವಾಗಿ ಬಿಡುತ್ತಾರೆ. ಪ್ರೀತಿಯಿಂದ ಬಡಿದ ರೊಟ್ಟಿಯನ್ನು ಕಸದ ಬುಟ್ಟಿಗೆ ಹಾಕಬೇಕಾದ ದುಃಖ ಬೇಡ.

ಆದರೆ ನಮ್ಮ ಚಿಂತೆ ಇರುವುದು ಬೇರೆಡೆ. ಹಡಗಿನ ಊಟದ ಮನೆಯಲ್ಲಿ ನಮ್ಮವರ ತಟ್ಟೆಗಳು ಹೇಗೆ ಹಿಂದಿರುಗುತ್ತವೆಂದು ಹೋಗಿಬಂದವರೇ ಹೇಳಿದ್ದಾರೆ. ಹಣ ಕೊಟ್ಟಿದ್ದೇವಲ್ಲ ಎಂದು ಎಲ್ಲವನ್ನೂ ಒಂದಿಷ್ಟು ಹಾಕಿಕೊಂಡು, ಅರ್ಧ ತಿಂದು, ಉಳಿದದ್ದನ್ನು ಬಿಟ್ಟು ಏಳುವುದು. ಮನೆಯಲ್ಲಿ ತಟ್ಟೆ ತೊಳೆದು ಕುಡಿಯುವ ಪ್ರಸಾದಿಗಳ ವಂಶದವರಿವರು! ಲಿಂಗಕ್ಕೆ ಅರ್ಪಿಸಿದಾಗ ಪದಾರ್ಥವು ಪ್ರಸಾದವಾಗುತ್ತದೆ, ಪ್ರಸಾದವನ್ನು ಚೆಲ್ಲುವಂತಿಲ್ಲ. ಅರ್ಪಣೆಯ ನೆನಪು ಹೋದಲ್ಲಿ ಅದು ಬರಿಯ ಪದಾರ್ಥ, ಎಷ್ಟು ಚೆಲ್ಲಿದರೂ ಕೈ ನಡುಗುವುದಿಲ್ಲ. ಸಂಕೋಚದ ಅಗತ್ಯವಿಲ್ಲ, ಗಂಟೆಜಾಗಟೆಯ ಅಗತ್ಯವೂ ಇಲ್ಲ. ಒಂದು ಕ್ಷಣ ಕಣ್ಣು ಮುಚ್ಚಿ ಮನದಲ್ಲಿ ಅರ್ಪಿಸಿ ಉಣ್ಣುವವನು ಬೇಕಾದಷ್ಟನ್ನೇ ಬಡಿಸಿಕೊಳ್ಳುತ್ತಾನೆ. ಮಕ್ಕಳು ಇದನ್ನು ಉಪದೇಶದಿಂದ ಕಲಿಯುವುದಿಲ್ಲ, ಅಜ್ಜನ ತಟ್ಟೆಯನ್ನು ನೋಡಿ ಕಲಿಯುತ್ತಾರೆ.

ದಡದಿಂದ ಕೆಲವು ಮೈಲಿ ದೂರ ಹೋದ ಮೇಲೆ ಅನೇಕ ಹಡಗುಗಳಲ್ಲಿ ಜೂಜಿನ ಮನೆ ತೆರೆಯುತ್ತದೆ. ನೆಲದ ಕಾನೂನು ಹಿಂದುಳಿದಾಗ ಮನಸ್ಸಿನ ಕಾನೂನು ಎಷ್ಟು ಉಳಿದಿದೆಯೆಂಬುದು ಅಲ್ಲಿ ಗೊತ್ತಾಗುತ್ತದೆ. ಈ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ.

ವೃದ್ಧ ತಂದೆತಾಯಿಗಳನ್ನು ಕರೆದೊಯ್ಯುವ ಮಕ್ಕಳಿಗೆ ಕೆಲವು ಮಾತುಗಳನ್ನು ವಿವರವಾಗಿಯೇ ಹೇಳಬೇಕಾಗಿದೆ. ಹಣ ಉಳಿಸಲು ಕಿಟಕಿಯಿಲ್ಲದ ಒಳಕೋಣೆಯನ್ನು ಹಿರಿಯರಿಗೆ ಕೊಟ್ಟು, ತಾವು ಮೊಗಸಾಲೆಯ ಕೋಣೆ ಹಿಡಿಯುವವರಿದ್ದಾರೆ. ಬಯಲಿನಲ್ಲಿ ಬದುಕಿದ ಜೀವಕ್ಕೆ ಹಗಲು ಯಾವುದು, ರಾತ್ರಿ ಯಾವುದೆಂದು ತಿಳಿಯದ ಕೋಣೆ ಸೆರೆಯಾಗುತ್ತದೆ. ಕಿಟಕಿಯಿರುವ ಕೋಣೆ, ಅದೂ ಕೆಳಗಿನ ಅಂತಸ್ತಿನಲ್ಲಿ, ಹಡಗಿನ ನಡುಭಾಗದಲ್ಲಿ ಆದರೆ ಉತ್ತಮ. ತೂಗುಯ್ಯಾಲೆಯ ನಡುವಿನಂತೆ ಅಲ್ಲಿ ಓಲಾಟ ಕಡಿಮೆ. ವಾಂತಿಯ ತೊಂದರೆಯುಳ್ಳವರು ಬರಿಹೊಟ್ಟೆಯಲ್ಲಿರದೆ ಲಘುವಾಗಿ ಉಂಡು, ಮೇಲಿನ ಗಾಳಿಗೆ ಬಂದು, ದಿಗಂತದ ಗೆರೆಯನ್ನು ನೋಡುತ್ತ ಕುಳಿತರೆ ಸಮಾಧಾನ ಸಿಗುತ್ತದೆ. ಶುಂಠಿಯೂ ಒಳ್ಳೆಯದು. ಮಾತ್ರೆ ಬೇಕಾದರೆ ಹೊರಡುವ ಮೊದಲೇ ವೈದ್ಯರನ್ನು ಕೇಳಿ ತರಬೇಕು. ಬಚ್ಚಲಮನೆಯ ಹೊಸ್ತಿಲು ಹಡಗಿನಲ್ಲಿ ಸಾಮಾನ್ಯವಾಗಿ ಎತ್ತರವಾಗಿರುತ್ತದೆ. ಮೊದಲ ರಾತ್ರಿಯೇ ಎಡವಿ ಬೀಳುವವರುಂಟು. ಶೌಚದ ಯಂತ್ರ ಗಾಳಿಯನ್ನು ಎಳೆದು ಭಾರೀ ಸದ್ದು ಮಾಡುತ್ತದೆ, ಹೆದರಬಾರದೆಂದು ಮುಂಚೆಯೇ ಹೇಳಿಡಬೇಕು. ಅಂತಸ್ತಿನ ಸಂಖ್ಯೆ, ಕೋಣೆಯ ಸಂಖ್ಯೆಗಳನ್ನು ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದ ಚೀಟಿಯನ್ನು ತಂದೆಯ ಜೇಬಿನಲ್ಲಿ, ತಾಯಿಯ ಕೈಚೀಲದಲ್ಲಿ ಇಟ್ಟರೆ, ಒಂದೇ ರೀತಿ ಕಾಣುವ ಆ ಉದ್ದನೆಯ ಓಣಿಗಳಲ್ಲಿ ಅವರು ಅಲೆಯಬೇಕಾಗುವುದಿಲ್ಲ.

ಔಷಧಗಳನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ, ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಟ್ಟುಕೊಳ್ಳಬೇಕು. ಹಡಗಿನಲ್ಲಿ ವೈದ್ಯರಿರುತ್ತಾರೆ, ಆದರೆ ಅವರ ಶುಲ್ಕ ನಮ್ಮ ಊಹೆಗೆ ಮೀರಿದ್ದು. ಆದ್ದರಿಂದ ಪ್ರವಾಸದ ವಿಮೆ ಇಲ್ಲದೆ ಹಿರಿಯರನ್ನು ಹತ್ತಿಸಲೇಬಾರದು. ಸಿಂಗಪುರದಿಂದ ಹೊರಟು ಬೇರೆ ದೇಶ ಮುಟ್ಟಿ ಮತ್ತೆ ಸಿಂಗಪುರಕ್ಕೇ ಬರುವ ಹಡಗಾದರೆ, ಎರಡನೆಯ ಬಾರಿ ಪ್ರವೇಶಿಸಲು ವೀಸಾ ಅವಕಾಶ ಕೊಡುತ್ತದೆಯೇ ಎಂದು ನೋಡಬೇಕು. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಿಗಿಂತ ಹೆಚ್ಚು ಉಳಿದಿರಬೇಕು. ಮೊಬೈಲು ನಡುಗಡಲಿನಲ್ಲಿ ಉಪಗ್ರಹದ ಜಾಲಕ್ಕೆ ತಾನಾಗಿ ಸೇರಿಕೊಂಡರೆ ಸಾವಿರಾರು ರೂಪಾಯಿಯ ಬಿಲ್ಲು ಬರುವುದುಂಟು. ವಿಮಾನದಲ್ಲಿ ಮಾಡುವಂತೆ ಅದನ್ನು ನಿಲ್ಲಿಸಿಡಬೇಕು. ನಮ್ಮ ಪಶ್ಚಿಮದ ಕಡಲಿನಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಮುಂಗಾರಿನ ಅಬ್ಬರ. ಮಳೆ ನಿಂತ ಮೇಲಿನ ತಿಂಗಳುಗಳೇ ಹಿರಿಯರಿಗೆ ತಕ್ಕವು.

ಹಡಗು ಹೊರಡುವ ಮೊದಲು ಎಲ್ಲ ಪ್ರಯಾಣಿಕರಿಗೂ ಅಪಾಯದ ವೇಳೆ ಎಲ್ಲಿ ಸೇರಬೇಕು, ತೇಲುಡುಪನ್ನು ಹೇಗೆ ತೊಡಬೇಕೆಂದು ತೋರಿಸುತ್ತಾರೆ. ನಮ್ಮವರು ಆ ಹೊತ್ತಿನಲ್ಲಿ ಚಹಾ ಹುಡುಕಿಕೊಂಡು ಹೋಗುತ್ತಾರೆಂದು ಕೇಳಿದ್ದೇವೆ. 2012ರ ಜನವರಿ 13ರ ರಾತ್ರಿ ‘ಕೋಸ್ಟಾ ಕಾಂಕಾರ್ಡಿಯಾ’ ಎಂಬ ಹಡಗು ಇಟಲಿಯ ಜಿಲಿಯೋ ದ್ವೀಪದ ಬಳಿ ಬಂಡೆಗೆ ಬಡಿದು ಒರಗಿ 32 ಜನ ಅಸುನೀಗಿದರು. ಅಂದು ಹಡಗು ಹತ್ತಿದ್ದ ನೂರಾರು ಜನರಿಗೆ ಈ ಪಾಠ ಇನ್ನೂ ಆಗಿರಲಿಲ್ಲ, ಮರುದಿನಕ್ಕೆಂದು ಇಟ್ಟಿದ್ದರು. ಆ ದುರಂತದ ನಂತರವೇ ಹೊರಡುವ ಮುನ್ನ ಪಾಠವಾಗಬೇಕೆಂಬ ಕಟ್ಟುನಿಟ್ಟು ಬಂದದ್ದು.

ಇನ್ನು ಬಸವಾದಿ ಶರಣರ ಕಾಯಕ ತತ್ತ್ವವನ್ನು ನಂಬಿದವರು ಹಡಗಿನಲ್ಲಿ ಯಾರನ್ನು ನೋಡಬೇಕು? ಮೇಲೆ ಹಾಡುವವರನ್ನು, ಕುಣಿಯುವವರನ್ನು ಎಲ್ಲರೂ ನೋಡುತ್ತಾರೆ. ಕೋಣೆ ಗುಡಿಸುವವರು, ತಟ್ಟೆ ತೊಳೆಯುವವರು, ಕೆಳಗಿನ ಅಂತಸ್ತಿನಲ್ಲಿ ಯಂತ್ರದ ಕಾವಿನಲ್ಲಿ ದುಡಿಯುವವರು ಕಣ್ಣಿಗೆ ಬೀಳುವುದು ಅಪರೂಪ. ಫಿಲಿಪೀನ್ಸ್, ಇಂಡೋನೇಷ್ಯಾಗಳವರಂತೆಯೇ ಗೋವೆಯವರು, ಕೇರಳದವರು, ಮುಂಬಯಿಯವರು ಇವರಲ್ಲಿ ಅನೇಕರು. ತಿಂಗಳುಗಟ್ಟಲೆ ವಾರದ ರಜೆಯೂ ಇಲ್ಲದೆ ಮನೆಮಕ್ಕಳಿಂದ ದೂರವಿರುತ್ತಾರೆ. 2013ರಲ್ಲಿ ಜಾರಿಗೆ ಬಂದು, 2015ರಲ್ಲಿ ಭಾರತವೂ ಒಪ್ಪಿಕೊಂಡ ಅಂತರರಾಷ್ಟ್ರೀಯ ಕಡಲ ದುಡಿಮೆಯ ಒಪ್ಪಂದದ ಪ್ರಕಾರ, ದುಡಿಮೆಯ ಗಂಟೆಗಳಿಗೇ ಮಿತಿ ಹಾಕುವುದಾದರೆ ಅದು ವಾರಕ್ಕೆ 72 ಗಂಟೆ ಮೀರುವಂತಿಲ್ಲ. ಮಿತಿಯೇ 72 ಗಂಟೆಯೆಂದರೆ ದುಡಿಮೆಯ ಭಾರವನ್ನು ಓದುಗರೇ ಅಳೆಯಬಹುದು. 2020ರ ಫೆಬ್ರವರಿಯಲ್ಲಿ ಜಪಾನಿನ ಯೊಕೊಹಾಮಾದಲ್ಲಿ ‘ಡೈಮಂಡ್ ಪ್ರಿನ್ಸೆಸ್’ ಹಡಗನ್ನು ಕೊರೊನಾ ಕಾರಣದಿಂದ ತಡೆದು ನಿಲ್ಲಿಸಿದಾಗ ಅದರಲ್ಲಿ 138 ಭಾರತೀಯರಿದ್ದರು. ಅವರಲ್ಲಿ ಪ್ರಯಾಣಿಕರು 6 ಮಂದಿ. ಉಳಿದ 132 ಮಂದಿ ಹಡಗಿನ ಕೆಲಸಗಾರರು. ಪ್ರಯಾಣಿಕರು ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದ ದಿನಗಳಲ್ಲಿ ಬಾಗಿಲಿಗೆ ಊಟ ಒಯ್ದವರು ಕೆಲಸಗಾರರೇ.

ಹಡಗಿನಲ್ಲಿ ದಿನಕ್ಕೆ ಇಷ್ಟೆಂದು ಸೇವಾಶುಲ್ಕವನ್ನು ತಲೆಗೆ ಸೇರಿಸುತ್ತಾರೆ. ಕೆಲವು ಹಡಗುಗಳಲ್ಲಿ ಕೇಳಿದರೆ ಅದನ್ನು ತೆಗೆದುಹಾಕುತ್ತಾರೆ ಕೂಡ. ತೆಗೆಸಿಕೊಂಡು ಬಂದ ಜಾಣತನವನ್ನು ಹೆಮ್ಮೆಯಿಂದ ಹೇಳಿಕೊಳ್ಳುವವರು ನಮ್ಮಲ್ಲಿದ್ದಾರೆ. ಮನೆಗೆ ಬಂದ ಜಂಗಮನಿಗೆ ಕಾಣಿಕೆ ಕೊಡುವ ಕೈ, ಹಾಸಿಗೆ ಹಾಸಿದವನ ಪಾಲನ್ನು ಹಿಂದಕ್ಕೆ ಪಡೆಯುವುದು ನಮಗೆ ಅರ್ಥವಾಗದು. ದಾಸೋಹದ ಮಾತು ಆಡುವವರು ಅದನ್ನು ಕೊಟ್ಟೇ ಇಳಿಯಬೇಕು. ಇಳಿಯುವ ಮೊದಲು ಆ ಕೆಲಸಗಾರನ ಹೆಸರು, ಊರು ಕೇಳಿ ಒಂದು ಶರಣಾರ್ಥಿ ಹೇಳಿದರೆ ಇನ್ನೂ ಚೆಲುವು.

ಆ ಎಪ್ಪತ್ತು ದಾಟಿದ ಭಕ್ತರು ಲಿಂಗ ಧರಿಸಿಯೇ ಹೋಗಿಬಂದರು. ಬೆಳಗಿನ ಜಾವ ಎಲ್ಲರೂ ಮಲಗಿದ್ದಾಗ ಕಿಟಕಿಯ ಬಳಿ ಕುಳಿತು ಪೂಜೆ ಮಾಡಿಕೊಂಡೆನೆಂದೂ, ಎರಡನೆಯ ದಿನ ಎಂಟು ವರ್ಷದ ಮೊಮ್ಮಗಳು ಎದ್ದು ಬಂದು ಪಕ್ಕದಲ್ಲಿ ಕುಳಿತು, ಅಂಗೈಯಲ್ಲಿರುವುದು ಏನೆಂದು ಕೇಳಿದಳೆಂದೂ ಹೇಳಿದರು. ಆ ಮಗುವಿಗೆ ಇನ್ನೂ ದೀಕ್ಷೆಯಾಗಿಲ್ಲ. ಮುಂದಿನ ಬೇಸಿಗೆಗೆ ಊರಿಗೆ ಬಂದಾಗ ಮಾಡಿಸಬೇಕೆಂದು ಮಗನೇ ದಿನ ಕೇಳಿದ್ದಾನೆ.

ಕೊನೆಯ ದಿನದ ಬಗ್ಗೆ ಅವರು ತಿಳಿಸಿದ ಒಂದು ಸಂಗತಿಯನ್ನು ಹೋಗುವವರು ನೆನಪಿಡಬೇಕು. ಇಳಿಯುವ ಹಿಂದಿನ ರಾತ್ರಿಯೇ ದೊಡ್ಡ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ. ಅವು ಮತ್ತೆ ಕೈಗೆ ಸಿಗುವುದು ದಡದ ಮೇಲೆ. ವಿಭೂತಿ, ಪೂಜೆಯ ವಸ್ತ್ರ, ಮಾತ್ರೆಗಳು, ಮರುದಿನದ ಉಡುಪು ಕೈಚೀಲದಲ್ಲಿಯೇ ಇರಲಿ. ಬೆಳಿಗ್ಗೆ ಬೇಗ ಕೋಣೆಯನ್ನು ಬಿಡಬೇಕಾಗುವುದರಿಂದ ಆ ದಿನದ ಪೂಜೆಗೆ ಐದು ಗಂಟೆಗೇ ಏಳಬೇಕು.